ದೂರು ಬರೆದ ಬಗೆ: ಆಂತರಿಕ ಸಮಿತಿಯ ಮುಂದೆ ನನ್ನ ಅನುಭವ

ನನ್ನ ಮ್ಯಾನೇಜರ್ ರಾತ್ರಿ ಹೊತ್ತು ಮೆಸೇಜ್ ಕಳಿಸುತ್ತಿದ್ದರು. ಮೊದಮೊದಲು ಕೆಲಸದ ಮಾತು, ಆಮೇಲೆ ನನ್ನ ಬಟ್ಟೆ, ಮೈಕಟ್ಟಿನ ಮಾತು. ನಾನು ಉತ್ತರ ಕೊಡದೆ ಹೋದಾಗ ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನದ ಹೆಸರಿನಲ್ಲಿ ಹೆದರಿಸತೊಡಗಿದರು. 'ಸುಮ್ನೆ ಇದ್ದುಬಿಡು, ಕೆಲಸ ಮುಖ್ಯ ಅಲ್ವಾ' ಎಂದವರೇ ಜಾಸ್ತಿ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ನಾನು ಕೂತು ಓದಿದೆ. ಆಫೀಸುಗಳಲ್ಲಿ ಪಾಶ್ ಎನ್ನುತ್ತಾರಲ್ಲ, ಅದೇ. ಮೈಮುಟ್ಟಿದರೆ ಮಾತ್ರ ಕಿರುಕುಳ ಎಂದು ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಲೈಂಗಿಕ ಅರ್ಥದ ಮಾತೂ ಕಿರುಕುಳವೇ. ಜೊತೆಗೆ ಕೆಲಸಕ್ಕೆ ಕುತ್ತು ತರುತ್ತೇನೆಂಬ ಬೆದರಿಕೆ ಸೇರಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ದೂರು ಬರೆಯುವುದರಲ್ಲೇ ನನ್ನ ಹೆಚ್ಚು ಶ್ರಮ ಹೋಯಿತು, ಹೋಗಲೇಬೇಕಿತ್ತು. 'ಅಸಭ್ಯವಾಗಿ ವರ್ತಿಸಿದರು' ಎಂದು ಬರೆದರೆ, ಇಂಥ ದೂರು ವಿಚಾರಿಸಲು ಆಫೀಸಿನಲ್ಲೇ ಇರುವ ಆಂತರಿಕ ಸಮಿತಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಹೀಗೆ ಬರೆದೆ: ಇಂಥ ದಿನ, ಸಂಜೆ ಏಳರ ನಂತರ, ಪ್ರಿಂಟರ್ ಹತ್ತಿರ ನಿಂತಿದ್ದೆ, ಹೆಗಲ ಮೇಲೆ ಕೈ ಇಟ್ಟರು, ನಾನು ಸರಿದೆ, ಪಕ್ಕದ ಸೀಟಿನವರು ನೋಡಿದರು. ಅವರು ಆಡಿದ ಮಾತನ್ನು ಆಡಿದ ಹಾಗೇ ಇಳಿಸಿದೆ. ಬರೆಯುವಾಗ ಕೈ ನಡುಗಿತು, ಆದರೂ ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ಸ್ಕ್ರೀನ್‌ಶಾಟ್‌ಗಳಲ್ಲಿ ನಂಬರ್, ಸಮಯ ಎರಡೂ ಕಾಣುವಂತೆ ನೋಡಿಕೊಂಡೆ. ಆಫೀಸ್ ಲ್ಯಾಪ್‌ಟಾಪ್ ಯಾವತ್ತಾದರೂ ವಾಪಸ್ ಕೇಳಬಹುದು, ಹಾಗಾಗಿ ಪ್ರತಿಗಳು ನನ್ನ ಬಳಿಯೇ ಇದ್ದವು.

ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದಾಖಲೆ, ಸಾಕ್ಷಿಗಳ ಹೆಸರು ಸಮೇತ ಆರು ಪ್ರತಿ ಕೊಟ್ಟೆ.

'ಕೂತು ಮಾತಾಡಿ ಮುಗಿಸಿಕೊಳ್ಳಿ' ಎಂದು ಎಚ್‌ಆರ್‌ನವರು ಹೇಳಿದರು. ರಾಜಿ ಮಾಡಿಸುವುದು ದೂರು ಕೊಟ್ಟವಳು ಕೇಳಿದರೆ ಮಾತ್ರ, ಅದರಲ್ಲೂ ಹಣದ ಮಾತು ಬರುವ ಹಾಗಿಲ್ಲ. ನಾನು ಬೇಡ ಎಂದೆ. ಬದಲಿಗೆ, ವಿಚಾರಣೆ ಮುಗಿಯುವವರೆಗೆ ನನ್ನ ಅಪ್ರೈಸಲ್ ಆ ಮ್ಯಾನೇಜರ್ ಕೈಯಲ್ಲಿ ಇರಬಾರದು ಎಂದು ಬರೆದು ಕೇಳಿದೆ. ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಸಮಿತಿ ಒಪ್ಪಿತು, ನನಗೆ ಉಸಿರಾಡುವಂತಾಯಿತು.

ವಿಚಾರಣೆಗೆ ದೂರು ಕೊಟ್ಟವರಾಗಲಿ, ಆರೋಪ ಹೊತ್ತವರಾಗಲಿ ವಕೀಲರನ್ನು ಕರೆತರುವಂತಿಲ್ಲ. ಸಮಿತಿಯಲ್ಲಿ ಹೊರಗಿನ ಸದಸ್ಯೆ ಒಬ್ಬರಿದ್ದರು. ಅವರ ಪ್ರಶ್ನೆಗಳು ನೇರವಾಗಿದ್ದವು, ಚುಚ್ಚುವಂತಿರಲಿಲ್ಲ. 90 ದಿನದೊಳಗೆ ವಿಚಾರಣೆ ಮುಗಿಯಬೇಕು, ನನ್ನದು ಮುಗಿಯಿತು. ಆರೋಪ ಸಾಬೀತಾಯಿತು, ಮ್ಯಾನೇಜರ್ ಮೇಲೆ ಕ್ರಮವೂ ಆಯಿತು.

ಚಿಕ್ಕ ಕಚೇರಿಯ ಗೆಳತಿಯೊಬ್ಬಳು ಈಚೆಗೆ ಕೇಳಿದಳು, ಸಮಿತಿಯೇ ಇಲ್ಲದಿದ್ದರೆ? ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಇಲ್ಲವೇ ಮಾಲೀಕರ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಅವಳ ದೂರನ್ನು ಈಗ ಇಬ್ಬರೂ ಸೇರಿ ಬರೆಯುತ್ತಿದ್ದೇವೆ.