ಒಂದೂಕಾಲು ಲಕ್ಷ, ನಾಲ್ಕು ಜನ, ಎಂಟು ದಿನ: ನಮ್ಮ ಅಂಡಮಾನ್ ಲೆಕ್ಕ

ಮಗಳ ಎಸ್ಎಸ್ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಎಲ್ಲಿಗಾದರೂ ಹೋಗೋಣ ಅಂತ ಮಾತು ಕೊಟ್ಟವಳು ನಾನೇ. ಕೊಡುವಾಗ ನನ್ನ ತಲೆಯಲ್ಲಿದ್ದದ್ದು ಮಡಿಕೇರಿ. ಅವಳ ತಲೆಯಲ್ಲಿದ್ದದ್ದು ಮಾಲ್ಡೀವ್ಸ್. ಎಂಟನೇ ಕ್ಲಾಸಿನ ಮಗನಿಗೆ ಎಲ್ಲಾದರೂ ಸರಿ, ಸಮುದ್ರದ ಒಳಗೆ ಇಳಿಯಬೇಕು. ಮಗಳದ್ದು ಇನ್ನೊಂದು ಷರತ್ತು: "ರಿಸಲ್ಟ್ ಬರೋಕ್ಕೆ ಮುಂಚೆ ಹೋಗಿ ಬರಬೇಕು ಅಮ್ಮ. ಆಮೇಲೆ ನಿಮ್ಮ ಮೂಡು ಹೇಗಿರುತ್ತೋ!"

ನಾನು ಮೈಸೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಆಸೆಗಿಂತ ಮೊದಲು ಅಂಕಿ ಕಾಣುತ್ತದೆ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಹಾಕುವ ಚೀಟಿ ಆ ಸಲ ನನಗೆ ಬಂದಿತ್ತು, 1 ಲಕ್ಷ. ಜೊತೆಗೆ 25 ಸಾವಿರದ ಒಂದು ಆರ್.ಡಿ. ಅಷ್ಟೇ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ, ಸಾಲವಂತೂ ಇಲ್ಲವೇ ಇಲ್ಲ ಅಂತ ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ. "ಈ ದುಡ್ಡಲ್ಲಿ ಯಾವ ದ್ವೀಪ ಬರುತ್ತೋ ನೀವೇ ಹುಡುಕಿ."

ಇಬ್ಬರೂ ಎರಡು ದಿನ ಫೋನು ಹಿಡಿದು ಕೂತರು. ಮಾಲ್ಡೀವ್ಸ್ ಮೊದಲ ಸಂಜೆಗೇ ಬಿತ್ತು. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ವಿಮಾನದ ಸೀಟು ಕಡಿಮೆ, ನಾವು ಬಯಸಿದ ದಿನಕ್ಕೆ ಏನೂ ಹೊಂದಲಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಅಂದರು ನಮ್ಮ ಮನೆಯವರು. ಚೆನ್ನಾಗಿಯೇ ಇದೆ, ಆ ಕಂಬದಂಥ ಬಂಡೆಗಳನ್ನು ನೋಡಬೇಕು. ಆದರೆ ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ, ಅರ್ಧ ದಿನಕ್ಕೆ ಮುಗಿದುಹೋಗುತ್ತದೆ. ಉಳಿದದ್ದು ಅಂಡಮಾನ್.

ಒಬ್ಬ ಏಜೆಂಟರನ್ನೂ ಕೇಳಿದ್ದೆ. ಐದು ರಾತ್ರಿಗೆ ವಿಮಾನ ಬಿಟ್ಟು 95 ಸಾವಿರ ಅಂದರು. ಅವರ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಜಾಗ. ಮಗಳು ನೋಡಿ, "ಇದು ಸ್ಕೂಲ್ ಟ್ರಿಪ್ ಥರ ಇದೆ" ಅಂದಳು. ನಾವೇ ಮಾಡಿಕೊಳ್ಳೋಣ ಅಂತ ತೀರ್ಮಾನವಾದದ್ದು ಆಗಲೇ.

ದಿನ ಆರಿಸುವುದರಲ್ಲೇ ಅರ್ಧ ದುಡ್ಡು ಉಳಿಯುತ್ತದೆ. ಡಿಸೆಂಬರ್ ಕೊನೆಯ ವಾರ ಎಲ್ಲದರ ದರವೂ ಮೇಲೆ. ದಸರಾ ರಜೆ ಅಂದರೆ ಮಳೆಯ ಭಯ. ಮೇ ಮೂರನೇ ವಾರದ ಹೊತ್ತಿಗೆ ಮುಂಗಾರು ಮೊದಲು ಇಳಿಯುವುದೇ ಅಂಡಮಾನಿಗೆ. ನಡುವೆ ಏಪ್ರಿಲ್ ಇದೆ. ಸೆಕೆ ಜಾಸ್ತಿ, ನಿಜ. ಆದರೆ ಸಮುದ್ರ ಕೆರೆಯ ಹಾಗೆ ಸುಮ್ಮನಿರುತ್ತದೆ, ನೀರು ತಿಳಿ. ಪರೀಕ್ಷೆ ಮುಗಿದ ವಾರಕ್ಕೆ, ಜನವರಿಯಲ್ಲೇ ಬೆಂಗಳೂರಿನಿಂದ ಟಿಕೆಟ್ ಮಾಡಿದೆ. ಹೋಗಿ ಬರಲು ತಲೆಗೆ 13,200, ನಾಲ್ವರಿಗೆ 52,800. ಮೈಸೂರಿನಿಂದ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋಗಿ ಅಲ್ಲಿಂದ ಹಾರಿದರೆ ಸ್ವಲ್ಪ ಉಳಿಯುತ್ತಿತ್ತು. ರೈಲು ತಡವಾದರೆ ಎಲ್ಲ ಹೋಯಿತಲ್ವಾ ಅಂತ ಬಿಟ್ಟೆ. ರಾತ್ರಿಯ ಫ್ಲೈಬಸ್ ಹಿಡಿದು ನೇರವಾಗಿ ಬೆಂಗಳೂರು ಏರ್‌ಪೋರ್ಟಿಗೆ ಹೋದೆವು.

ಹೆಸರಿನ ವಿಷಯ ಹೇಳಿಬಿಡುತ್ತೇನೆ, ಬುಕ್ ಮಾಡುವಾಗ ಗೊಂದಲವಾಗುತ್ತದೆ. ವಿಮಾನ ಇಳಿಯುವ ರಾಜಧಾನಿ ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಬೋರ್ಡಿನಲ್ಲಿ ಹೊಸ ಹೆಸರು, ಆಟೋದವರ ಬಾಯಲ್ಲಿ ಹಳೆಯದು. ನಾನೂ ಹಳೆಯದನ್ನೇ ಬರೆಯುತ್ತೇನೆ.

ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಹ್ಯಾವ್‌ಲಾಕ್‌ನಲ್ಲಿ ಮೂರು, ನೀಲ್‌ನಲ್ಲಿ ಎರಡು, ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಬಾರಾಟಾಂಗ್ ದ್ವೀಪ ಬೇಡ ಅಂದವಳು ಮಗಳು. ಅಲ್ಲಿಗೆ ಹೋಗುವ ದಾರಿ ಜಾರವಾ ಆದಿವಾಸಿಗಳ ಮೀಸಲು ಕಾಡಿನೊಳಗೆ ಹಾದುಹೋಗುತ್ತದೆ. ವಾಹನಗಳನ್ನು ಸಾಲಾಗಿ ಬಿಡುತ್ತಾರೆ, ಫೋಟೊ ತೆಗೆಯುವಂತಿಲ್ಲ. ಆದರೂ ಎಲ್ಲರ ಕಣ್ಣು ಕಿಟಕಿಯ ಹೊರಗೇ. "ಅವರೇನು ಝೂನಲ್ಲಿದ್ದಾರಾ?" ಅಂದಳು. ದುಡ್ಡೂ ಉಳಿಯಿತು, ನಡುರಾತ್ರಿ ಏಳುವುದೂ ತಪ್ಪಿತು.

ಖರ್ಚಿನಲ್ಲಿ ನನ್ನದೊಂದು ನಿಯಮವಿತ್ತು. ಮಕ್ಕಳು ಗಮನಿಸದೇ ಇರುವ ಕಡೆ ಕೈ ಬಿಗಿ, ನೆನಪಿಟ್ಟುಕೊಳ್ಳುವ ಕಡೆ ಸಡಿಲ. ಆ ವಯಸ್ಸಿನವರು ರೂಮನ್ನು ನೋಡುವುದೇ ಇಲ್ಲ. ಫ್ಯಾನು, ಚಾರ್ಜಿಂಗ್ ಪಾಯಿಂಟು, ಬೀಗ ಹಾಕಿಕೊಳ್ಳಲು ಬಾತ್‌ರೂಮು ಇದ್ದರೆ ಸಾಕು. ಒಂದೇ ರೂಮು, ನೆಲದ ಮೇಲೆ ಎರಡು ಹಾಸಿಗೆ. ಏಳು ರಾತ್ರಿಗೆ 17,400 ಆಯಿತು. ಹ್ಯಾವ್‌ಲಾಕ್‌ನಲ್ಲಿ ಕಡಲಿನ ಎದುರಿನ ರೂಮು ದಿನಕ್ಕೆ ಇನ್ನೂ ಮೂರು ಸಾವಿರ ಜಾಸ್ತಿ ಇತ್ತು. ಬೇಡ ಅಂದೆ. ಅದು ಎಷ್ಟು ಒಳ್ಳೆಯದಾಯಿತು ಅನ್ನುವುದು ಮಾರನೇ ದಿನ ಗೊತ್ತಾಯಿತು. ಹೋಟೆಲುಗಳು ಜಾಸ್ತಿ ಇರುವುದು ಪೂರ್ವ ದಂಡೆಯ ವಿಜಯನಗರ, ಗೋವಿಂದನಗರದ ಕಡೆ. ಅಲ್ಲಿ ಇಳಿತದ ಹೊತ್ತಿಗೆ ನೀರು ಎಲ್ಲೋ ದೂರ ಹೋಗಿಬಿಡುತ್ತದೆ. ಮಧ್ಯಾಹ್ನ 2 ಗಂಟೆಗೆ ನೋಡಿದರೆ ಕಲ್ಲು, ಕೆಸರು, ಪಾಚಿ. ಆ ಮೂರು ಸಾವಿರ ಕೊಟ್ಟವರು ವರಾಂಡದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಈಜಲು ಹೋಗಬೇಕಾದದ್ದು ದ್ವೀಪದ ಇನ್ನೊಂದು ಮಗ್ಗುಲಿನ ರಾಧಾನಗರ ಬೀಚಿಗೆ. ದೋಣಿ ನಿಲ್ಲುವ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಅದಕ್ಕೆ ಟಿಕೆಟ್ಟೂ ಇರಲಿಲ್ಲ, ರೂಮೂ ಬೇಕಿರಲಿಲ್ಲ. ದಿನಕ್ಕೆ 500ರಂತೆ ಎರಡು ಸ್ಕೂಟರ್ ತೆಗೆದುಕೊಂಡೆವು. ಮಗಳು ನನ್ನ ಹಿಂದೆ, ಮಗ ಅಪ್ಪನ ಹಿಂದೆ. ಟ್ಯಾಕ್ಸಿಯಾದರೆ ಪ್ರತಿ ಸಲವೂ ಚೌಕಾಸಿ.

ದೋಣಿಯ ಲೆಕ್ಕದಲ್ಲಿ ಮಾತ್ರ ಏಟು ತಿಂದೆ. ಸರ್ಕಾರಿ ಫೆರ್‍ರಿ ಖಾಸಗಿಯ ಅರ್ಧ ದರಕ್ಕೂ ಕಡಿಮೆ. ಆದರೆ ಟಿಕೆಟ್ ಬಿಡುವುದು ಕೆಲವೇ ದಿನ ಮುಂಚೆ. ಹ್ಯಾವ್‌ಲಾಕ್‌ಗೆ ಹೋಗುವ ದಿನದ್ದು ನನಗೆ ಸಿಗಲೇ ಇಲ್ಲ. ಕೊನೆಗೆ ಖಾಸಗಿ ದೋಣಿಗೆ ತಲೆಗೆ 1,500 ತೆತ್ತೆ. ಉಳಿದ ಎರಡು ಪ್ರಯಾಣ ಸರ್ಕಾರಿಯಲ್ಲೇ ಆಯಿತು. ಮೂರೂ ಸೇರಿ 10 ಸಾವಿರ. ಖಾಸಗಿಯದ್ದು ವೇಗ, ಏಸಿ, ಗಾಜು ಮುಚ್ಚಿದ ಕಿಟಕಿ. ಮಗ ಅದರಲ್ಲೇ ವಾಂತಿ ಮಾಡಿದ. ಸರ್ಕಾರಿಯದ್ದರಲ್ಲಿ ಮೇಲೆ ಹೋಗಿ ಗಾಳಿಗೆ ನಿಲ್ಲಬಹುದು. ಊರಿನವರ ತರಕಾರಿ ಮೂಟೆಗಳ ಪಕ್ಕ ನಿಂತು ನಾವು ಚಕ್ಕುಲಿ ತಿಂದೆವು. ವಾಂತಿಯ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮುಂಚೆ ನುಂಗಬೇಕು, ತಲೆ ತಿರುಗಲು ಶುರುವಾದ ಮೇಲಲ್ಲ. ಮಕ್ಕಳ ಆಧಾರ್ ಕಾರ್ಡೂ ಕೈಯಲ್ಲಿರಲಿ.

ಕೈ ಸಡಿಲ ಬಿಟ್ಟದ್ದು ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದಕ್ಕೆ. ಒಬ್ಬರಿಗೆ 3,500. ಹತ್ತು ವರ್ಷ ತುಂಬಿದವರು ಮಾಡಬಹುದು, ಈಜು ಬರಬೇಕಾಗಿಲ್ಲ. ಮಕ್ಕಳಿಬ್ಬರು ಮತ್ತು ಅಪ್ಪ ಅಂತ ಬರೆಸಿದ್ದೆ. ಅಲ್ಲಿ ಹೋದರೆ ಆರೋಗ್ಯದ ಒಂದು ಫಾರ್ಮು. "ರೀ, ಬಿ.ಪಿ. ಮಾತ್ರೆ ತಗೋತೀರಲ್ಲ, ಬರೀಬೇಕಂತೆ" ಅಂದೆ. ಬರೆದರು. ಡಾಕ್ಟರ ಪತ್ರ ಇಲ್ಲದೆ ನೀರಿಗೆ ಇಳಿಸುವುದಿಲ್ಲ ಅಂದರು. ಊರಿನಲ್ಲೇ ಕೇಳಿ ಬರೆಸಿಕೊಂಡು ಹೋಗಬಹುದಿತ್ತು. ನನ್ನ ಪಟ್ಟಿಯಲ್ಲಿ ಅದೊಂದು ಬಿಟ್ಟುಹೋಗಿತ್ತು. ದುಡ್ಡು ಕಟ್ಟಿಯಾಗಿದೆ, ಸೀಟು ಖಾಲಿ. "ಅಮ್ಮಾ, ನೀನೇ ಬಾ!"

ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದೇ ನನಗೂ ನೀರಿಗೂ ಇದ್ದ ಸಂಬಂಧ. ಸೊಂಟದ ಮಟ್ಟದ ನೀರಿನಲ್ಲಿ ಅರ್ಧ ಗಂಟೆ ಕಲಿಸಿದರು. ಬಾಯಿಂದ ಉಸಿರಾಡಬೇಕು. ಕಿವಿ ಒತ್ತಿದ ಹಾಗಾದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಚೆನ್ನಾಗಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ತೋರಿಸಬೇಕು. ಹೆಬ್ಬೆರಳು ಎತ್ತಿದರೆ "ಮೇಲಕ್ಕೆ ಕರೆದುಕೊಂಡು ಹೋಗಿ" ಅಂತ ಅರ್ಥ. ಇದನ್ನು ಮೂರು ಸಲ ಹೇಳಿದರು.

ಕೆಳಗೆ ಮೊದಲು ಕೇಳಿಸುವುದು ನಮ್ಮ ಉಸಿರೇ, ಹಳೆಯ ಕಾಫಿ ಫಿಲ್ಟರಿನಲ್ಲಿ ನೀರು ಗುಳುಗುಳು ಅನ್ನುವ ಹಾಗೆ. ಆಮೇಲೆ ಮರಳು, ಹವಳ, ಹವಳದ ನಡುವೆ ಕೂದಲಿನ ಹಾಗೆ ಅಲ್ಲಾಡುವ ಒಂದು ಪೊದೆ. ಅದರೊಳಗಿಂದ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಪುಟ್ಟ ಮೀನೊಂದು ಹೊರಗೆ ಬಂದು ನನ್ನನ್ನೇ ಗದರಿಸುವ ಹಾಗೆ ನಿಂತಿತು. ಪಕ್ಕಕ್ಕೆ ತಿರುಗಿದರೆ ಮಗನೂ ಅದನ್ನೇ ನೋಡುತ್ತಿದ್ದಾನೆ. ಖುಷಿ ತಡೆಯಲಾರದೆ ಅವನು ಏನು ಮಾಡಿದ ಹೇಳಿ? ಹೆಬ್ಬೆರಳು ಎತ್ತಿ ಸೂಪರ್ ಅಂತ ತೋರಿಸಿದ. ಅವನ ತರಬೇತುದಾರರು ಏನೂ ಕೇಳದೆ ಅವನನ್ನು ಹಿಡಿದು ಮೇಲಕ್ಕೆ ಕರೆದೊಯ್ದರು. ಮತ್ತೆ ಇಳಿಯುವಷ್ಟರಲ್ಲಿ ಐದು ನಿಮಿಷ ಹೋಯಿತು. ಈಗಲೂ ಮನೆಯಲ್ಲಿ ಅವನು ಹೆಬ್ಬೆರಳು ಎತ್ತಿದರೆ ಅಕ್ಕ ಅವನ ತೋಳು ಹಿಡಿದು ಕುರ್ಚಿಯ ಮೇಲೆ ಹತ್ತಿಸುತ್ತಾಳೆ.

ಡೈವಿಂಗನ್ನು ಪ್ರವಾಸದ ಮೊದಲರ್ಧದಲ್ಲೇ ಇಟ್ಟುಕೊಳ್ಳಿ. ಆಳಕ್ಕೆ ಇಳಿದು ಬಂದ ಮೇಲೆ ಒಂದು ದಿನವಾದರೂ ಬಿಟ್ಟು ವಿಮಾನ ಹತ್ತಬೇಕು. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಹೊತ್ತು ಬೇಕು.

ಎಲಿಫೆಂಟ್ ಬೀಚಿಗೆ ಹೋಗುವ ದೋಣಿಗೆ ತಲೆಗೆ ಸಾವಿರ ಆಯಿತು, ಅದರಲ್ಲೇ ಸ್ವಲ್ಪ ಹೊತ್ತಿನ ಸ್ನಾರ್ಕ್ಲಿಂಗ್, ಅಂದರೆ ಮಾಸ್ಕು ಹಾಕಿ ತೇಲುತ್ತಾ ನೀರೊಳಗೆ ನೋಡುವುದು, ಸೇರಿತ್ತು. ಇಳಿದ ತಕ್ಷಣ ಜೆಟ್‌ಸ್ಕಿ, ಸೀ ವಾಕ್ ಅಂತ ನೀರಾಟ ಮಾರುವವರು ಸುತ್ತುವರಿಯುತ್ತಾರೆ. ಮಗಳ ಕೈಯಲ್ಲಿ ಆ ದಿನದ ದುಡ್ಡಿನ ಪರ್ಸು ಕೊಟ್ಟಿದ್ದೆ. ನಾನು ಬೇಡ ಅಂದಿದ್ದರೆ ಜಗಳವಾಗುತ್ತಿತ್ತು. ಅವಳೇ ತಮ್ಮನಿಗೆ, "ಜೆಟ್‌ಸ್ಕಿ ಬೇಕಾ, ಸಂಜೆ ಪಿಜ್ಜಾ ಬೇಕಾ?" ಅಂತ ಕೇಳಿ ಮುಗಿಸಿದಳು. ರಾತ್ರಿ ಹೊಳೆಯುವ ನೀರು ನೋಡಲು ಕಯಾಕ್ ಅನ್ನುವ ಪುಟ್ಟ ದೋಣಿಯಲ್ಲಿ ಹೋಗುವುದೂ ದುಬಾರಿ. ಹುಣ್ಣಿಮೆ ಹತ್ತಿರವಿತ್ತು, ಬೆಳದಿಂಗಳಲ್ಲಿ ಅದು ಕಾಣುವುದಿಲ್ಲ. ಅದನ್ನು ನೋಡಲೇಬೇಕು ಅನ್ನುವವರು ಅಮಾವಾಸ್ಯೆಗೆ ಹೋಗಿ.

ಬೆಳಕಿನ ಲೆಕ್ಕ ನನಗೆ ಹೊಸದು. ಗಡಿಯಾರ ನಮ್ಮದೇ, ಜಾಗ ಮಾತ್ರ ತೀರಾ ಪೂರ್ವಕ್ಕೆ. ಬೆಳಗ್ಗೆ 5ಕ್ಕೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯ ಮುಳುಗಿಯಾಯಿತು. ರಜೆ ಅಂದರೆ ಹತ್ತು ಗಂಟೆಗೆ ಏಳುವ ಮಕ್ಕಳು. ಅಲ್ಲಿ ಹಾಗೆ ಮಾಡಿದರೆ ಅರ್ಧ ದಿನ ಹೋಯಿತು. ಮೊದಲ ದಿನ ಎಬ್ಬಿಸಲು ಹೋಗಿ ಬೈಸಿಕೊಂಡೆ. ಮೂರನೇ ದಿನದ ಹೊತ್ತಿಗೆ ಅವರೇ ರಾತ್ರಿ ಎಂಟೂವರೆಗೆ ಬಿದ್ದುಕೊಳ್ಳತೊಡಗಿದರು.

ನೀಲ್ ಪುಟ್ಟ ದ್ವೀಪ, ಸೈಕಲ್ಲಿನಲ್ಲೇ ಸುತ್ತಬಹುದು. ಫೋನಿನಲ್ಲಿ ಏರಿಳಿತದ ಹೊತ್ತು ನೋಡಿ ಹೇಳುವುದು ಮಗನ ಕೆಲಸ ಅಂತ ಮೊದಲೇ ಒಪ್ಪಂದವಾಗಿತ್ತು. ಅವನು ನೋಡಿರಲಿಲ್ಲ. ನೆಟ್‌ವರ್ಕ್ ಇರಲಿಲ್ಲ ಅಂತ ಆಮೇಲೆ ವಾದ. ಲಕ್ಷ್ಮಣಪುರದಲ್ಲಿ ತಾನಾಗಿ ಮೂಡಿದ ಕಲ್ಲಿನ ಸೇತುವೆ ನೋಡಲು 11 ಗಂಟೆಯ ಬಿಸಿಲಿನಲ್ಲಿ ಪೆಡಲ್ ಹೊಡೆದುಕೊಂಡು ಹೋದರೆ ಭರತದ ನೀರು. ಬಂಡೆಗಳೆಲ್ಲ ಮುಳುಗಿವೆ, ಹತ್ತಿರ ಹೋಗುವ ದಾರಿಯೇ ಇಲ್ಲ. ಎಳನೀರು ಮಾರುತ್ತಿದ್ದ ಬಂಗಾಳಿ ಅಜ್ಜಿ ಆಕಾಶ ತೋರಿಸಿ, ನಾಲ್ಕು ಗಂಟೆಗೆ ಬಾ ಅಂದರು. ದುಡ್ಡು ಕೊಡಲು ಸ್ಕ್ಯಾನ್ ಮಾಡಿದರೆ ಫೋನು ಸುತ್ತುತ್ತಲೇ ಇತ್ತು. ಬ್ಲೌಸಿನ ಪರ್ಸಿನಲ್ಲಿ ನೋಟು ಇಟ್ಟುಕೊಂಡದ್ದು ಉಪಯೋಗಕ್ಕೆ ಬಂತು. ಒಟ್ಟು 20 ಸಾವಿರ ನಗದು ಒಯ್ದಿದ್ದೆ, ಮುಕ್ಕಾಲು ಪಾಲು ಮುಗಿಯಿತು.

ನಾಲ್ಕು ಗಂಟೆಗೆ ಹೋದರೆ, ಇದು ಅದೇ ಜಾಗವಾ ಅನ್ನಿಸಬೇಕು. ನೀರು ಹಿಂದೆ ಸರಿದು ಬಂಡೆಯ ಗುಂಡಿಗಳಲ್ಲಿ ಮಾತ್ರ ನಿಂತಿದೆ. ಒಂದೊಂದು ಗುಂಡಿಯಲ್ಲೂ ಮೀನಿನ ಮರಿ, ಏಡಿ, ಹೀರೇಕಾಯಿಯಂತೆ ಬಿದ್ದುಕೊಂಡ ಕಡಲ ಸೌತೆ ಅನ್ನುವ ಜೀವಿ. ಇಬ್ಬರೂ ಫೋನು ನನ್ನ ಕೈಗೆ ಕೊಟ್ಟು ಒಂದೂವರೆ ಗಂಟೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಆ ಸಂಜೆಯ ಖರ್ಚು ನಾಲ್ಕು ಎಳನೀರು.

ಊಟಕ್ಕೆ ದಿನಕ್ಕೆ 1,800 ಇಟ್ಟಿದ್ದೆ. ಬೆಳಗ್ಗೆ ಕೆಟಲಿನಲ್ಲಿ ಬಿಸಿನೀರು, ರೆಡಿ ಉಪ್ಪಿಟ್ಟು ಅಥವಾ ಅವಲಕ್ಕಿ. ಮಧ್ಯಾಹ್ನ ಮಾರುಕಟ್ಟೆಯ ಬಂಗಾಳಿ ಹೋಟೆಲಿನಲ್ಲಿ ಮೀನಿನ ಥಾಲಿ, ನಾನು ಒಬ್ಬಳೇ ಬೇಳೆ, ಪಲ್ಯ. ಅನ್ನ ಕೇಳಿದಷ್ಟೂ ಹಾಕುತ್ತಾರೆ. ಹದಿಮೂರರ ಹುಡುಗನನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ಮಾತಲ್ಲ.

ಕೊನೆಯ ಮಧ್ಯಾಹ್ನ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆಲ್ಯುಲಾರ್ ಜೈಲು. ಸುಮಾರು 700 ಕೋಣೆಗಳಿದ್ದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಮಗಳು ಒಂದು ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕ ಗೋಡೆಯ ಹೊರಗೆ, ಕೈಗೆ ಎಟುಕದಷ್ಟು ದೂರ. ಹೊರಗೆ ಬಂದವಳು ತುಂಬ ಹೊತ್ತು ಮಾತಾಡಲಿಲ್ಲ.

ಲೆಕ್ಕ ಕೂಡಿಸಿದಾಗ ವಿಮಾನ, ರೂಮು, ದೋಣಿ, ಡೈವಿಂಗ್, 14,400ರ ಊಟ, ಫ್ಲೈಬಸ್ಸು, ಸ್ಕೂಟರು, ಸಣ್ಣಪುಟ್ಟದ್ದು ಎಲ್ಲ ಸೇರಿ 1,24,600. ಉಳಿದ 400ಕ್ಕೆ ಮಕ್ಕಳು ಏರ್‌ಪೋರ್ಟಿನಲ್ಲಿ ಎರಡು ಕಾಫಿ ಕುಡಿದರು. ನನ್ನ ಹೊಟ್ಟೆ ಉರಿಯಿತು, ಆದರೆ ಉಳಿದ ದುಡ್ಡು ಅವರದು.

ಕಪ್ಪೆಚಿಪ್ಪು, ಹವಳ ಏನನ್ನೂ ಎತ್ತಿಕೊಂಡು ಬರುವಂತಿಲ್ಲ, ಏರ್‌ಪೋರ್ಟಿನಲ್ಲಿ ಬ್ಯಾಗು ನೋಡುತ್ತಾರೆ ಅಂತ ನಮ್ಮ ಮನೆಯವರು ವಾರವಿಡೀ ಮಕ್ಕಳಿಗೆ ಹೇಳಿದ್ದರು. ನೀಲ್ ಬಿಡುವ ಬೆಳಗ್ಗೆ ಇಬ್ಬರ ಜೇಬನ್ನೂ ತಾವೇ ದಂಡೆಯ ಮೇಲೆ ಖಾಲಿ ಮಾಡಿಸಿದ್ದರು. ತಪಾಸಣೆಯಲ್ಲಿ ನಮ್ಮ ಒಂದು ಬ್ಯಾಗು ಪಕ್ಕಕ್ಕೆ ಬಂತು. ಇವರ ಒದ್ದೆ ಚಡ್ಡಿಯ ಜೇಬಿನಿಂದ ಹೆಬ್ಬೆರಳಿನಷ್ಟು ಬಿಳಿಯ ಹವಳದ ತುಂಡೊಂದು ಹೊರಬಿತ್ತು. "ಸುಮ್ನೆ ಕಲ್ಲು ಅಂದ್ಕೊಂಡೆ" ಅಂದರು ಇವರು. ಅಲ್ಲಿದ್ದವರು ಅದನ್ನು ತೆಗೆದು ಡಬ್ಬಿಗೆ ಹಾಕಿ, ಹೋಗಿ ಅಂದರು. ಮಕ್ಕಳು ಮೈಸೂರು ತಲುಪುವವರೆಗೂ ಅಪ್ಪನ ಜೇಬು ಮುಟ್ಟಿ ಮುಟ್ಟಿ ನೋಡುತ್ತಿದ್ದರು.