ಏಳು ಎಂಬಿಯ ಸರ್ವರ್

"ಅರ್ಧ ಜಿಬಿ ರ‍್ಯಾಮ್‌ನಲ್ಲಿ ಡಾಕರ್ರಾ? ಆಗೋ ಮಾತಲ್ಲ ಬಿಡು" ಅಂತ ಆಫೀಸಿನ ಗೆಳೆಯ ನಕ್ಕಿದ್ದ. ಡಾಕರ್ ಅಂದ್ರೆ ಪ್ರೋಗ್ರಾಮನ್ನು, ಅದಕ್ಕೆ ಬೇಕಾದ್ದೆಲ್ಲದರ ಜೊತೆ, ಕಂಟೇನರ್ ಅನ್ನೋ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ. ಬಾಡಿಗೆಯ ಆ ಪುಟ್ಟ ಸರ್ವರ್‌ನಲ್ಲಿ ನನ್ನ ಸೈಟು ಹನ್ನೊಂದು ತಿಂಗಳಿಂದ ಓಡುತ್ತಲೇ ಇದೆ.

ಶಿರಸಿ ಹತ್ತಿರ ನಮ್ಮ ಮಾವನ ನರ್ಸರಿ ಇದೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ ಕಸಿ ಗಿಡ. ಅದಕ್ಕೊಂದು ದರಪಟ್ಟಿ ಪೇಜು, ಒಂದಷ್ಟು ಫೋಟೋ, ವಿಚಾರಿಸುವವರಿಗೆ ಒಂದು ಫಾರ್ಮು. ಹಳೇ ಹೋಸ್ಟಿಂಗ್‌ಗೆ ವರ್ಷಕ್ಕೆ ಆರು ಸಾವಿರ ಹೋಗುತ್ತಿತ್ತು. ಜೂನಿನಲ್ಲಿ ಗಿರಾಕಿ ಬರುವ ಹೊತ್ತಿಗೇ ಸೈಟು ಮಲಗುತ್ತಿತ್ತು.

ಮೊದಲು ಪೈಥಾನ್ ಭಾಷೆಯಲ್ಲಿ ಸೈಟ್ ಕಟ್ಟುವ ಫ್ಲಾಸ್ಕ್‌ನಲ್ಲಿ ಮಾಡಿದೆ. ಪೈಥಾನಿನ ಮಾಮೂಲಿ ಬೇಸ್ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚಿನ ತಳಪದರ) ಹಾಕಿದರೆ ಒಂದು ಜಿಬಿ ದಾಟಿತು. ಅದರದೇ ಸಣ್ಣ ರೂಪ ಸ್ಲಿಮ್ ಹಾಕಿದ ಮೇಲೆ ನೂರೈವತ್ತು ಎಂಬಿ ಆಸುಪಾಸಿಗೆ ಇಳಿಯಿತು. ಹೊರಗಿನ ಪೋರ್ಟನ್ನು (ನೆಟ್‌ವರ್ಕಿನ ಬಾಗಿಲು) ಕಂಟೇನರಿನ ಪೋರ್ಟಿಗೆ ಜೋಡಿಸಿದ್ದೆ, ಸರ್ವರ್ ಎದ್ದಿದೆ ಅಂತ ಲಾಗೂ, ಅಂದ್ರೆ ಪ್ರೋಗ್ರಾಮಿನ ದಿನಚರಿಯೂ, ಹೇಳುತ್ತಿತ್ತು, ಬ್ರೌಸರ್‌ನಲ್ಲಿ ಮಾತ್ರ ಏನೂ ಇಲ್ಲ. ರಾತ್ರಿ ಒಂದೂವರೆಗೆ ಕಣ್ಣಿಗೆ ಬಿತ್ತು, ಆಪ್ 127.0.0.1, ಅಂದ್ರೆ 'ನಾನೇ' ಅನ್ನೋ ವಿಳಾಸ, ಹಿಡಿದು ಕೂತಿದೆ! ಕಂಟೇನರ್ ಒಳಗೆ ಅದು ಕಂಟೇನರಿನ ಪಾಲಿಗೆ ಮಾತ್ರ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಬೀದಿಗೆ ಕೇಳುತ್ತಾ? ಎಲ್ಲ ವಿಳಾಸದಲ್ಲೂ ಕೇಳಿಸಿಕೊಳ್ಳುವ 0.0.0.0 ಮಾಡಿದೆ, ಪೇಜ್ ಬಂತು.

ಆಮೇಲೆ ದುರಾಸೆಗೆ ನಾಲ್ಕು ವರ್ಕರ್ (ಜೊತೆಜೊತೆಗೇ ಓಡುವ ಆಪಿನ ಪ್ರತಿಗಳು) ಹಾಕಿದೆ. ಮೆಮೊರಿ ಸಾಲದೆ ಎರಡು ದಿನಕ್ಕೊಮ್ಮೆ ಕಂಟೇನರ್ 137 ಅನ್ನೋ ಕೋಡ್ (ಬಲವಂತವಾಗಿ ಕೊಂದ ಗುರುತು) ತೋರಿಸಿ ಸಾಯುತ್ತಿತ್ತು.

ಸಿಟ್ಟಿಗೆ ಗೋ ಭಾಷೆಯಲ್ಲಿ ಬರೆದೆ, ನೂರಿಪ್ಪತ್ತು ಸಾಲು ಇರಬಹುದು. ಎರಡು ಹಂತದ ಬಿಲ್ಡ್ (ಒಂದರಲ್ಲಿ ಪ್ರೋಗ್ರಾಮ್ ಕಟ್ಟೋದು, ಇನ್ನೊಂದಕ್ಕೆ ಅದನ್ನಷ್ಟೇ ಸಾಗಿಸೋದು), ಸಿ ಲೈಬ್ರರಿಗಳ ನಂಟು ಕೊಡುವ ಸಿಗೋ ಬಂದ್, ಸ್ಕ್ರ್ಯಾಚ್ ಅನ್ನೋ ಖಾಲಿ ಇಮೇಜ್ ಮೇಲೆ ಒಂದೇ ಬೈನರಿ (ಓಡಿಸಲು ಸಿದ್ಧವಾದ ಫೈಲು). ಫೋಟೋಗಳು ಇಮೇಜಿನ ಹೊರಗೆ, ವಾಲ್ಯೂಮ್ ಅನ್ನೋ ಫೋಲ್ಡರ್‌ನಲ್ಲಿ. ಇಮೇಜ್ ಏಳು ಎಂಬಿ! ಮಾವ ಮೊಬೈಲಿನಲ್ಲಿ ತೆಗೆಯುವ ಎರಡು ಫೋಟೋ ಇದಕ್ಕಿಂತ ಜಾಸ್ತಿ ತೂಗುತ್ತವೆ. ಆದರೆ ಫಾರ್ಮಿನಿಂದ ಮೇಲ್ ಹೋಗಲಿಲ್ಲ, ಸ್ಕ್ರ್ಯಾಚ್‌ನಲ್ಲಿ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಸರ್ಟಿಫಿಕೇಟ್ ಫೈಲೇ ಇರುವುದಿಲ್ಲವಲ್ಲ. ಗಡಿಯಾರ ಬೇರೆ ಭಾರತದ ಸಮಯ ಗೊತ್ತಿಲ್ಲದೆ ಐದೂವರೆ ತಾಸು ಹಿಂದೆ. ಎರಡಕ್ಕೂ ಬೇಕಾದ ಫೈಲುಗಳನ್ನು ಬಿಲ್ಡ್ ಹಂತದಿಂದ ಕಾಪಿ ಮಾಡಿದೆ.

ದುಡ್ಡು ಹೋಗಿದ್ದು ಲಾಗಿನಿಂದ. ಪ್ರತಿಯೊಂದನ್ನೂ ಲಾಗಿಗೆ ಬರೆಯುವ ಡೀಬಗ್ ತೆಗೆಯಲು ಮರೆತಿದ್ದೆ. ನಮ್ಮಲ್ಲಿ ಇಲ್ಲದ ವರ್ಡ್‌ಪ್ರೆಸ್ ಲಾಗಿನ್ ಪೇಜನ್ನು ತಾವಾಗೇ ಅಲೆಯುವ ಪ್ರೋಗ್ರಾಮುಗಳಾದ ಬಾಟ್‌ಗಳು ಹಗಲೂ ರಾತ್ರಿ ಹುಡುಕುತ್ತಿದ್ದವು, ಅದೆಲ್ಲ ಲಾಗಿಗೆ ಸೇರುತ್ತಿತ್ತು. ಹೇಳದಿದ್ದರೆ ಡಾಕರ್ ಲಾಗ್ ಕತ್ತರಿಸುವುದಿಲ್ಲ. ಹತ್ತು ಜಿಬಿ ಡಿಸ್ಕ್ ಮೂರೇ ತಿಂಗಳಿಗೆ ಭರ್ತಿ. ಗಾಬರಿಯಲ್ಲಿ ದೊಡ್ಡ ಪ್ಲಾನ್ ತಗೊಂಡು ಎಂಟುನೂರು ರೂಪಾಯಿ ದಂಡ ಕಟ್ಟಿದೆ. ಮ್ಯಾಕ್ಸ್-ಸೈಜ್ (ಒಂದು ಲಾಗ್ ಫೈಲಿನ ಮಿತಿ) 10 ಎಂಬಿ, ಮ್ಯಾಕ್ಸ್-ಫೈಲ್ (ಎಷ್ಟು ಫೈಲು) 3 ಅಂತ ಹಾಕಿದ್ದರೆ ಮುಗಿದಿತ್ತು. ಹಾಕಿದ ಮೇಲೂ ಕಂಟೇನರ್ ಹೊಸದಾಗಿ ಮಾಡಬೇಕು. ಬರೀ ರೀಸ್ಟಾರ್ಟ್ ಮಾಡಿ ಒಂದು ಭಾನುವಾರ ಕಳೆದುಕೊಂಡೆ.

ನಡುವೆ ಸುಮ್ನೆ ಮನೆಯ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೇಲೂ ಹಾಕಿ ನೋಡಿದೆ. 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ಪೈನ ಪ್ರೊಸೆಸರ್ ಬಗೆಯಾದ ಆರ್ಮ್‌ಗೆ ಬೇರೆ ಬಿಲ್ಡ್ ಮಾಡಿದ ಮೇಲೆ ಚೆನ್ನಾಗಿ ಓಡಿತು. ಆದರೆ ಮಳೆಗಾಲದಲ್ಲಿ ಊರಿನ ಕರೆಂಟ್ ನಂಬಿ ಅಲ್ಲೇ ಇಡುವ ಧೈರ್ಯ ಬರಲಿಲ್ಲ.

ಈಗ ತಿಂಗಳಿಗೆ ಮುನ್ನೂರೈವತ್ತು ರೂಪಾಯಿ, ಮೆಮೊರಿ ಹದಿನೈದು ಎಂಬಿ ದಾಟಿದ್ದು ನೋಡಿಲ್ಲ. ನಕ್ಕಿದ್ದ ಗೆಳೆಯ ಹೋದ ವಾರ ನನ್ನ ಇಮೇಜ್ ಕಟ್ಟುವ ಸೂಚನೆಗಳ ಫೈಲಾದ ಡಾಕರ್‌ಫೈಲ್ ಕೇಳಿದ. ಕೊಟ್ಟೆ, ಗಾತ್ರ ಇಳಿಸುವ ಒಂದು ಸಾಲು ಬಿಟ್ಟು. ಅವನದು ಹನ್ನೊಂದು ಎಂಬಿ ಬರುತ್ತಿದೆಯಂತೆ.