ಪ್ರೊಪೆಲ್ಲರ್ ಕೊಳ್ಳುವ ಮುನ್ನ ಮೋಟಾರ್ ಎತ್ತರಿಸಿ ನೋಡಿ

ಬೋಟು ಓಡುತ್ತಿಲ್ಲ ಅಂದ ಕೂಡಲೇ ಜುವಾರಿ ಹೊಳೆಯ ದಂಡೆಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಪ್ರೊಪೆಲ್ಲರ್ ಬದಲಿಸು. ಬದಲಿಸಬೇಕಾದೀತು, ಇಲ್ಲ ಅನ್ನುವುದಿಲ್ಲ. ಆದರೆ ಅದು ಎರಡನೆಯ ಕೆಲಸ. ಮೋಟಾರು ಹಿಂಬದಿಯ ಹಲಗೆಯ ಮೇಲೆ, ಅಂದರೆ ಟ್ರಾನ್ಸಮ್ ಮೇಲೆ, ಎಷ್ಟು ಎತ್ತರದಲ್ಲಿ ಕೂತಿದೆ ಅಂತ ನೋಡುವುದು ಮೊದಲನೆಯದು. ಅದಕ್ಕೆ ಬೇಕಾಗುವುದು ಪಾನಾ, ಚೈನ್ ಪುಲ್ಲಿ, ಒಂದಷ್ಟು ಸೀಲಂಟು, ಒಂದು ಬೆಳಗಿನ ಹೊತ್ತು. ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರಿಗೆ ಸಾವಿರಾರು ರೂಪಾಯಿ ಸುರಿದ ಮೇಲೂ ಮೋಟಾರು ತಪ್ಪು ಎತ್ತರದಲ್ಲೇ ಇದ್ದರೆ ಆ ಪ್ರೊಪೆಲ್ಲರ್ ತನ್ನ ಪೂರ್ತಿ ಕೆಲಸ ತೋರಿಸುವುದೇ ಇಲ್ಲ.

ನನ್ನ ಊರು ಅಂಕೋಲಾ. ಈಗ ಇರುವುದು ಗೋವಾದ ಕೊರ್ಟಾಲಿಂನಲ್ಲಿ. ಗಾಳ ಹಾಕುವ ಹವ್ಯಾಸದವರನ್ನು ಜುವಾರಿ, ಕುಂಬಾರ್ಜುವಾ ಕಾಲುವೆ, ಮಾಂಡೋವಿಯ ಮೇಲ್ಭಾಗಕ್ಕೆ ಕರೆದೊಯ್ಯುವುದು ನನ್ನ ಉದ್ಯೋಗ. ಬರುವವರಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರೂ ತುಂಬ ಜನ. ಅವರಿಗೆ ಬೇಕಾದದ್ದು ಹೆಚ್ಚಾಗಿ ಚೊಣಕ್ ಮೀನು, ಏಷ್ಯನ್ ಸೀ ಬಾಸ್. ಅಮೆರಿಕದ ಸಿಹಿನೀರಿನ ಬಾಸ್ ಬೇರೆ ಜಾತಿಯದು. ಆದರೂ ಅಲ್ಲಿನ ಬಾಸ್ ಬೋಟಿಗೂ ನನ್ನ ಬೋಟಿಗೂ ಕೆಲಸ ಒಂದೇ ಥರದ್ದು: ಬೇಗ ಓಡಬೇಕು, ಆಳವಿಲ್ಲದ ಕಡೆ ನುಸುಳಬೇಕು, ನಿಂತು ಗಾಳ ಬೀಸಿ ಮತ್ತೆ ತಟ್ಟನೆ ಎದ್ದು ಇನ್ನೊಂದು ಜಾಗಕ್ಕೆ ಹೋಗಬೇಕು. ಭರತದ ನೀರು ತಿರುಗುವ ಆ ಸ್ವಲ್ಪ ಹೊತ್ತಿನಲ್ಲೇ ಚೊಣಕ್ ಬಾಯಿ ಹಾಕುತ್ತದೆ. ಹತ್ತು ನಿಮಿಷ ತಡವಾದರೆ ಗಿರಾಕಿ ಬರಿಗೈಲಿ ವಾಪಸ್ಸು. ಹಾಗಾಗಿ ಬಾಸ್ ಬೋಟಿನವರು ಮೋಟಾರ್ ಎತ್ತರ ಹೊಂದಿಸುವ ವಿಧಾನವನ್ನೇ ನಾನು ನನ್ನ 18 ಅಡಿಯ ಫೈಬರ್ ಬೋಟಿಗೆ ಒಗ್ಗಿಸಿಕೊಂಡೆ. ಮೋಟಾರು 115 ಎಚ್‌ಪಿಯ ಫೋರ್ ಸ್ಟ್ರೋಕ್, ಗೇರ್ ಅನುಪಾತ 2.15 (ಇಂಜಿನ್ 2.15 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು), ಪೂರ್ತಿ ಥ್ರಾಟಲಿನಲ್ಲಿ ಓಡಬೇಕಾದ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಇಂಜಿನ್ನಿನ ಸುತ್ತು, 5000ದಿಂದ 6000.

ಪ್ರೊಪೆಲ್ಲರಿನ ಮೇಲುಗಡೆ ಒಂದು ಅಡ್ಡ ತಟ್ಟೆ ಇರುತ್ತದೆ. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ. ಅದು ನಿಜವಾಗಿ ತಡೆಯುವುದು ವೆಂಟಿಲೇಶನ್ನನ್ನು. ಮೇಲಿನ ಗಾಳಿಯೋ ಎಕ್ಸಾಸ್ಟಿನ ಹೊಗೆಯೋ ಬ್ಲೇಡಿಗೆ ನುಗ್ಗಿ, ಪ್ರೊಪೆಲ್ಲರ್ ನೀರಿನ ಬದಲು ನೊರೆಯಲ್ಲಿ ತಿರುಗುವುದು ವೆಂಟಿಲೇಶನ್. ಕ್ಯಾವಿಟೇಶನ್ ಅಂದರೆ ಬ್ಲೇಡಿನ ಮೇಲೆ ಒತ್ತಡ ವಿಪರೀತ ಇಳಿದು ನೀರೇ ಕುದಿದು ಗುಳ್ಳೆ ಏಳುವುದು. ಆ ಗುಳ್ಳೆಗಳು ಒಡೆಯುವಾಗ ಬ್ಲೇಡಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ನಾನು ಪ್ರೊಪೆಲ್ಲರ್ ಬಿಚ್ಚಿದಾಗೆಲ್ಲ ಆ ಗುಳಿಗಳಿಗಾಗಿ ಬೆರಳಾಡಿಸಿ ನೋಡುತ್ತೇನೆ. ಗುಳಿ ಇದ್ದರೆ ಬ್ಲೇಡಿನ ಅಂಚು ಎಲ್ಲೋ ಬಾಗಿದೆ ಅಥವಾ ಏಟು ತಿಂದಿದೆ ಅಂತ ಲೆಕ್ಕ. ಎತ್ತರ ಹೊಂದಿಸಿ ಅದನ್ನು ಗುಣಪಡಿಸಲು ಆಗದು.

ಸಾಮಾನ್ಯ ಬೋಟಿನಲ್ಲಿ ಆ ತಟ್ಟೆ ಬೋಟಿನ ತಳಕ್ಕೆ ಸಮನಾಗಿರಲಿ ಅನ್ನುವುದು ಮೊದಲ ಅಳತೆ. ನನ್ನ ಬೋಟು ಕೈಗೆ ಬಂದಾಗ ಅದು ತಳಕ್ಕಿಂತ ಒಂದು ಇಂಚಿನಷ್ಟು ಕೆಳಗಿತ್ತು. ಒಂದು ಇಂಚು ಅಂದರೆ ಎಷ್ಟು ಮಹಾ ಅನ್ನಿಸಬಹುದು. ನೀರಿನೊಳಗೆ ಮೋಟಾರಿನ ಕಾಲು ಎಷ್ಟು ಮುಳುಗಿರುತ್ತದೋ ಅಷ್ಟೂ ಭಾಗವನ್ನು ಬೋಟು ನೀರು ಸೀಳಿಕೊಂಡು ಎಳೆಯಬೇಕು, ಮತ್ತು ವೇಗ ದುಪ್ಪಟ್ಟಾದರೆ ಆ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. ಬಾಸ್ ಬೋಟಿನವರು ತಟ್ಟೆ ನೋಡಿ ಸುಮ್ಮನಾಗುವುದಿಲ್ಲ. ತಳದ ನಡುವೆ ಇರುವ ಚಪ್ಪಟೆ ಪಟ್ಟಿಗೆ ಪ್ಯಾಡ್ ಅನ್ನುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ನಡು ಆ ಪ್ಯಾಡಿಗಿಂತ ಎಷ್ಟು ಕೆಳಗಿದೆ ಅಂತ ಅವರು ಅಳೆಯುತ್ತಾರೆ, ಮೂರು–ಮೂರೂವರೆ ಇಂಚಿನಿಂದ ಶುರು ಮಾಡಿ ಮೇಲೇರುತ್ತಾರೆ. ನನ್ನ ಬೋಟಿಗೆ ಪ್ಯಾಡ್ ಇಲ್ಲ, ವಿ ಆಕಾರದ ತಳ. ಆದ್ದರಿಂದ ಕೀಲಿನ, ಅಂದರೆ ತಳದ ನಡುವಿನ ಉದ್ದ ಏಣಿನ, ಕೆಳಗೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಹಿಡಿದು, ಶಾಫ್ಟು ಆ ಪಟ್ಟಿಗೆ ಸಮಾನಾಂತರ ಬರುವಂತೆ ಟ್ರಿಮ್ ಮಾಡಿ, ಅಂದರೆ ಮೋಟಾರಿನ ಓರೆ ಹೊಂದಿಸಿ, ಅಲ್ಲಿಂದ ಅಳೆದೆ. ಟ್ರಿಮ್ ಸರಿ ಮಾಡದೆ ಅಳೆದ ಲೆಕ್ಕ ದಂಡ. ಮೋಟಾರು ಒಳಕ್ಕೆ ಬಾಗಿದ್ದರೆ ಒಂದು ಅಳತೆ, ಹೊರಕ್ಕೆ ಬಾಗಿದ್ದರೆ ಇನ್ನೊಂದು.

ಅಮೆರಿಕದಲ್ಲಿ ಮೋಟಾರನ್ನು ಏರಿಸಿ ಇಳಿಸಲು ಹಲಗೆಗೂ ಮೋಟಾರಿಗೂ ನಡುವೆ ಜ್ಯಾಕ್ ಪ್ಲೇಟ್ ಅನ್ನುವ ಲೋಹದ ಚೌಕಟ್ಟು ಹಾಕುತ್ತಾರೆ. ಅದರಿಂದ ಮೋಟಾರು ಹಲಗೆಯಿಂದ ಕೆಲವು ಇಂಚು ಹಿಂದಕ್ಕೂ ಹೋಗುತ್ತದೆ. ಬೋಟಿನ ಹಿಂದೆ ನೀರು ಏರುತ್ತ ಹೋಗುವುದರಿಂದ, ಹಿಂದಕ್ಕೆ ಸರಿದ ಮೋಟಾರನ್ನು ಎಂಟರಿಂದ ಹನ್ನೆರಡು ಇಂಚಿಗೆ ಒಂದು ಇಂಚಿನ ಲೆಕ್ಕದಲ್ಲಿ ಇನ್ನೂ ಮೇಲಕ್ಕೆ ಒಯ್ಯಬಹುದು. ನಾನು ಜ್ಯಾಕ್ ಪ್ಲೇಟ್ ಹಾಕಲಿಲ್ಲ. ಭಾರ ಇನ್ನೂ ಹಿಂದಕ್ಕೆ ಸರಿದರೆ ಐಸ್ ಪೆಟ್ಟಿಗೆಯೂ ಪೆಟ್ರೋಲ್ ಟ್ಯಾಂಕೂ ಹಿಂದೆಯೇ ಇರುವ ನನ್ನ ಬೋಟು ಮೂತಿ ಎತ್ತಿಕೊಂಡು ಕೂರುತ್ತದೆ.

ಅದೂ ಅಲ್ಲದೆ, ಏರಿಸುವ ದಾರಿ ಮೋಟಾರಿನಲ್ಲೇ ಇದೆ. ಬ್ರ್ಯಾಕೆಟ್ಟಿನ ಮೇಲುಭಾಗದಲ್ಲಿ ಒಂದರ ಕೆಳಗೊಂದು ತೂತುಗಳಿರುತ್ತವೆ, ಮುಕ್ಕಾಲು ಇಂಚಿಗೆ ಒಂದು. ಕೆಳಭಾಗದಲ್ಲಿ ಉದ್ದನೆಯ ಸೀಳು. ಮೇಲಿನ ಬೋಲ್ಟು ಬ್ರ್ಯಾಕೆಟ್ಟಿನ ಎಲ್ಲಕ್ಕಿಂತ ಮೇಲಿನ ತೂತಿನಲ್ಲಿದ್ದರೆ ಮೋಟಾರು ಎಲ್ಲಕ್ಕಿಂತ ಕೆಳಗಿದೆ ಅಂತ ಅರ್ಥ. ಮೋಟಾರನ್ನು ಎತ್ತಿ ಅದೇ ಬೋಲ್ಟನ್ನು ಕೆಳಗಿನ ತೂತಿಗೆ ಹಾಕಿದರೆ ಮುಕ್ಕಾಲು ಇಂಚು ಏರಿತು. ಹಲಗೆಗೆ ಹೊಸ ತೂತು ಕೊರೆಯುವ ಪ್ರಮೇಯವೇ ಇಲ್ಲ. ಇದು ದೊಡ್ಡ ಅನುಕೂಲ, ಏಕೆಂದರೆ ನಮ್ಮ ಫೈಬರ್ ಬೋಟುಗಳ ಹಲಗೆಯೊಳಗೆ ಬಹುತೇಕ ಪ್ಲೈವುಡ್ಡೇ ಇರುವುದು, ಸೀಲ್ ಆಗದ ಒಂದು ತೂತು ಸಾಕು ಅದು ಕೊಳೆಯಲು. 170 ಕಿಲೋ ದಾಟುವ ಮೋಟಾರದು. ಚೈನ್ ಪುಲ್ಲಿಯಲ್ಲಿ ಭಾರ ಹಿಡಿದ ಮೇಲೆಯೇ ನಟ್ಟಿಗೆ ಪಾನಾ ಹಾಕಬೇಕು. ಕೆಳಗಿನ ಬೋಲ್ಟು ಸಡಿಲಿಸಿ, ಮೇಲಿನವನ್ನು ತೆಗೆದು, ಎತ್ತಿ, ಸೀಲಂಟು ಹಚ್ಚಿ ಮತ್ತೆ ಬಿಗಿಯುವುದು. ಸ್ಟೀರಿಂಗ್ ಕೇಬಲ್, ಪೆಟ್ರೋಲ್ ಪೈಪು, ಬ್ಯಾಟರಿ ತಂತಿಗೆ ಆ ಎತ್ತರಕ್ಕೆ ಸಾಕಷ್ಟು ಸಡಿಲ ಇದೆಯೇ ಅಂತಲೂ ನೋಡಬೇಕು.

ಪರೀಕ್ಷೆಗೆ ಹೋಗುವ ಮೊದಲು ತಳ ತೊಳೆಯಲೇಬೇಕು. ಜುವಾರಿಯ ಉಪ್ಪುನೀರಲ್ಲಿ ಕಟ್ಟಿಟ್ಟ ಬೋಟಿಗೆ ಚಿಪ್ಪು, ಪಾಚಿ ಕಚ್ಚಿಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಚಿಪ್ಪು ಹಿಡಿದ ತಳದ ಮೇಲೆ ಬರೆದುಕೊಂಡ ಯಾವ ಅಂಕಿಗೂ ಬೆಲೆಯಿಲ್ಲ. ಹೊತ್ತು ಬೆಳಗಿನದ್ದಾಗಿರಲಿ. ಮೇ ತಿಂಗಳ ಮಧ್ಯಾಹ್ನದ ಬಿಸಿ, ತೇವದ ಗಾಳಿಯಲ್ಲಿ ಇದೇ ಮೋಟಾರಿಗೆ ಇದೇ ಶಕ್ತಿ ಬರುವುದಿಲ್ಲ. ವೇಗ ನೋಡುವುದು ಜಿಪಿಎಸ್ಸಿನಲ್ಲಿ, ಅದೂ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ಎರಡರ ಸರಾಸರಿ. ಇಳಿತದ ನೀರಿನ ಜೊತೆ ಓಡಿ ಬೋಟು ಜೋರಾಯಿತು ಅಂದುಕೊಂಡವರನ್ನು ಬಹಳ ನೋಡಿದ್ದೇನೆ. ದಿನನಿತ್ಯ ಎಷ್ಟು ಭಾರ ಹೊರುತ್ತೀರೋ ಅಷ್ಟನ್ನೇ ಇಟ್ಟುಕೊಳ್ಳಿ. ನೂರು ಲೀಟರ್ ಪೆಟ್ರೋಲ್ ಅಂದರೇ ಎಪ್ಪತ್ತೈದು ಕಿಲೋ ಹತ್ತಿರ. ಲೈಫ್ ಜಾಕೆಟ್ ಮೈಮೇಲೆ, ಬಿದ್ದರೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಕಾಲಿಗೆ.

ಇನ್ನು ಲೆಕ್ಕ. ಮರದೊಳಗೆ ಸ್ಕ್ರೂ ಇಳಿದಂತೆ, ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕೋ ಅದು ಅದರ ಪಿಚ್. ನೀರು ಮರದಷ್ಟು ಗಟ್ಟಿಯಲ್ಲ, ಆದ್ದರಿಂದ ಅಷ್ಟು ಹೋಗುವುದಿಲ್ಲ. ಆ ಕೊರತೆಯೇ ಸ್ಲಿಪ್. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, ಬಂದದ್ದನ್ನು 0.001524ರಿಂದ ಗುಣಿಸಿದರೆ ಸ್ಲಿಪ್ಪೇ ಇಲ್ಲದಿದ್ದರೆ ಗಂಟೆಗೆ ಎಷ್ಟು ಕಿಲೋಮೀಟರ್ ಹೋಗುತ್ತಿತ್ತು ಅನ್ನುವುದು ಸಿಗುತ್ತದೆ. ನನ್ನ ಮೋಟಾರಿನಲ್ಲಿ ಇದ್ದದ್ದು ಮೂರು ಬ್ಲೇಡಿನ, 19 ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್. ಎಲ್ಲಕ್ಕಿಂತ ಕೆಳಗಿನ ಸ್ಥಾನದಲ್ಲಿ ಪೂರ್ತಿ ಥ್ರಾಟಲಿಗೆ ಬಂದದ್ದು 5050 ಆರ್‌ಪಿಎಂ. ಲೆಕ್ಕದ ಪ್ರಕಾರ 68 ಕಿ.ಮೀ. ಹೋಗಬೇಕು, ಜಿಪಿಎಸ್ ತೋರಿಸಿದ್ದು 53. ಸ್ಲಿಪ್ 22 ಶೇಕಡಾ. ಈ ಗಾತ್ರದ ಬೋಟಿಗೆ ಇದು ಜಾಸ್ತಿ.

ಎರಡು ತೂತು ಏರಿಸಿದೆವು, ಅಂದರೆ ಒಂದೂವರೆ ಇಂಚು. ಪ್ರೊಪೆಲ್ಲರ್ ಅದೇ. ಆರ್‌ಪಿಎಂ 5250, ವೇಗ 57.5. ಸ್ಲಿಪ್ 19ಕ್ಕೆ ಇಳಿಯಿತು. ಖರ್ಚು ಸೀಲಂಟಿನದ್ದಷ್ಟೇ. ಸ್ಟೀರಿಂಗ್ ಕೈಗೆ ತುಸು ಎಳೆಯತೊಡಗಿತು. ಮೋಟಾರು ಏರಿದಂತೆ ಅದು ಸಹಜ, ತಟ್ಟೆಯ ಕೆಳಗಿನ ಸಣ್ಣ ರೆಕ್ಕೆಯಂಥ ಟ್ರಿಮ್ ಟ್ಯಾಬನ್ನು ಸ್ವಲ್ಪ ತಿರುಗಿಸಿ ಸರಿಮಾಡಿದೆ. ಅದಕ್ಕೂ ಒಂದು ಮಿತಿ ಇದೆ: ಮೋಟಾರು ಇನ್ನೂ ಏರಿ ಆ ಟ್ಯಾಬು ನೀರಿನಿಂದ ಹೊರಗೆ ಬಂದರೆ ಅದರಿಂದ ಉಪಯೋಗವಿಲ್ಲ.

ನನ್ನ ಜೊತೆ ಕೆಲಸಕ್ಕಿರುವ ಹುಡುಗ ಗದಗಿನ ಕಡೆಯವನು, ಲೆಕ್ಕದಲ್ಲಿ ಚುರುಕು. ಅಂಕಿ ನೋಡಿ ಅವನಿಗೆ ಹುರುಪು ಬಂತು.

“ಅಣ್ಣಾ, ಇನ್ನೊಂದ್ ತೂತ್ ಏರ್ಸೂಣೇನ್?”

“ಏರಿಸ್ವ. ಆದ್ರೆ ನೀನು ಸ್ಪೀಡ್ ನೋಡ್ಬೇಡ, ನೀರಿನ ಗೇಜ್ ಮೇಲೆ ಕಣ್ಣಿಟ್ಕೊ.”

ಇದೇ ಇಡೀ ಕೆಲಸದ ಸೂಕ್ಷ್ಮ ಜಾಗ. ಇಂಜಿನ್ ತಂಪಾಗುವುದು ಮೋಟಾರಿನ ಕಾಲಿನಲ್ಲಿರುವ ಜಾಲರಿ ತೂತುಗಳಿಂದ ಒಳಗೆ ಎಳೆದುಕೊಳ್ಳುವ ನೀರಿನಿಂದ. ಮೋಟಾರು ಏರಿದಂತೆ ಆ ತೂತುಗಳು ನೀರಿನ ಮೇಲ್ಮೈ ಹತ್ತಿರ ಬರುತ್ತವೆ. ಹಿಂದುಗಡೆ ಸಣ್ಣ ಧಾರೆ ಬೀಳುತ್ತಿದೆಯಲ್ಲ ಅಂತ ನಂಬಿ ಕೂರುವುದು ಸಾಲದು, ನೀರಿನ ಜೊತೆ ಗಾಳಿ ಹೋಗುತ್ತಿದ್ದರೂ ಧಾರೆ ಬೀಳುತ್ತಲೇ ಇರುತ್ತದೆ. ಮೋಟಾರ್ ಏರಿಸುವವರು ಮೊದಲು ನೀರಿನ ಒತ್ತಡದ ಗೇಜು ಹಾಕಿಸಿಕೊಳ್ಳಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಸ್ಥಾನದಲ್ಲಿ ಪೂರ್ತಿ ಥ್ರಾಟಲಿಗೆ ಎಷ್ಟಿತ್ತು ಅಂತ ಬರೆದುಕೊಳ್ಳಬೇಕು. ಪ್ರತಿ ತೂತಿಗೂ ಅದರ ಜೊತೆ ಹೋಲಿಸಬೇಕು. ಮುಳ್ಳು ಜಾರಿದರೆ ಅಥವಾ ಅಲುಗಾಡತೊಡಗಿದರೆ ಒಂದು ತೂತು ಕೆಳಗೆ.

ಅಲ್ಯೂಮಿನಿಯಂ ಪ್ರೊಪೆಲ್ಲರಿನ ಜೊತೆ ಮೂರನೇ ಏರಿಕೆಯಲ್ಲಿ ಒತ್ತಡವೇನೋ ನಿಂತಿತು. ಆದರೆ ಆಗಶಿಯ ಕಡೆ ತಿರುಗಿಸಿದಾಗ ಪ್ರೊಪೆಲ್ಲರ್ ನೀರಿನ ಹಿಡಿತ ಬಿಟ್ಟಿತು. ಆರ್‌ಪಿಎಂ ಥಟ್ಟನೆ ಮೇಲೇರಿತು, ಬೋಟು ಸೋತಿತು. ಬಾರ್ಜುಗಳೂ ಬಲೆ ಕಟ್ಟಿದ ಕಂಬಗಳೂ ಇರುವ ಹೊಳೆಯಲ್ಲಿ ತಿರುವಿನಲ್ಲಿ ಹಿಡಿತ ಬಿಡುವ ಬೋಟು ಅಪಾಯ. ಒಂದು ತೂತು ಇಳಿಸಿದೆವು.

ಪ್ರೊಪೆಲ್ಲರಿನ ಮಾತು ಬರುವುದು ಇಲ್ಲಿ. ಈಗ ಕೊಳ್ಳಬೇಕಾದದ್ದು ಏನು ಅಂತ ಅಂಕಿಗಳೇ ಹೇಳುತ್ತಿದ್ದವು. ಪಿಚ್ ಒಂದು ಇಂಚು ಇಳಿಸಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. ಇಬ್ಬರೇ ಕೂತಾಗ 5250 ಬರುವ ಮೋಟಾರಿಗೆ ನಾಲ್ಕು ಜನ, ತುಂಬಿದ ಐಸ್ ಪೆಟ್ಟಿಗೆ ಸೇರಿದರೆ 5000ದ ಕೆಳಗೆ ಬೀಳುವುದು ಖಚಿತ. ಥ್ರಾಟಲ್ ಪೂರ್ತಿ ಒತ್ತಿ ಇಂಜಿನ್ನನ್ನು ಕಡಿಮೆ ಸುತ್ತಿನಲ್ಲಿ ಉಸಿರುಗಟ್ಟಿಸಿ ಓಡಿಸುವುದು ಅದರ ಆಯುಸ್ಸನ್ನೇ ತಿನ್ನುತ್ತದೆ, ಕಾರ್ಬನ್ ಕೂರುತ್ತದೆ, ಬಿಸಿಯೇರುತ್ತದೆ. ಹಾಗಾಗಿ 17 ಪಿಚ್. ಅದೂ ಸ್ಟೇನ್‌ಲೆಸ್ ಸ್ಟೀಲಿನದು, ಬ್ಲೇಡಿನ ಹಿಂಬದಿಯ ಅಂಚು ತುಸು ಒಳಕ್ಕೆ ಮಡಚಿದ್ದು. ಆ ಮಡಿಕೆಗೆ ಕಪ್ ಅನ್ನುತ್ತಾರೆ, ಮೇಲ್ಮೈ ಹತ್ತಿರದ ನೊರೆನೀರನ್ನೂ ಅದು ಹಿಡಿದುಕೊಳ್ಳುತ್ತದೆ. ಸ್ಟೀಲು ಅಲ್ಯೂಮಿನಿಯಮ್ಮಿನಂತೆ ಭಾರಕ್ಕೆ ಬಾಗುವುದೂ ಇಲ್ಲ.

ಅದೇ ಎತ್ತರದಲ್ಲಿ 5550 ಆರ್‌ಪಿಎಂ, 58 ಕಿ.ಮೀ. ಬಂತು. ಪ್ರೊಪೆಲ್ಲರ್ ಮಾತ್ರ ಬದಲಿಸಿ ಇಲ್ಲಿಗೇ ನಿಂತಿದ್ದರೆ ಅಷ್ಟು ದುಡ್ಡಿಗೆ ಅರ್ಧ ಕಿಲೋಮೀಟರ್ ಅಂತ ಯಾರಿಗಾದರೂ ಬೇಸರವಾಗುತ್ತಿತ್ತು. ಆದರೆ ಕಪ್ ಇರುವ ಸ್ಟೀಲಿಗೆ ಮೊದಲು ಬಿಟ್ಟ ಮೂರನೇ ಏರಿಕೆ ದಕ್ಕುತ್ತದೆ. ಏರಿಸಿದೆವು: 5700, 61 ಕಿ.ಮೀ., ಸ್ಲಿಪ್ 11. ತಿರುವಿನಲ್ಲಿ ಹಿಡಿತ ನಿಂತಿತು, ಗೇಜಿನ ಮುಳ್ಳೂ ನಿಂತಿತು. ನಾಲ್ಕು ಜನ ಕೂತಾಗ 5400. ಎತ್ತರ ಮತ್ತು ಪ್ರೊಪೆಲ್ಲರ್ ಒಂದನ್ನೊಂದು ಕೇಳಿಕೊಂಡೇ ನಡೆಯುತ್ತವೆ. ಆದ್ದರಿಂದ ಒಮ್ಮೆಗೆ ಒಂದನ್ನೇ ಬದಲಿಸಿ, ಬರೆದುಕೊಂಡು, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು.

ನಾಲ್ಕು ಬ್ಲೇಡಿನದ್ದು ಒಳ್ಳೆಯದಲ್ಲವೇ ಅಂತ ಬಹಳ ಮಂದಿ ಕೇಳುತ್ತಾರೆ. ಹಿಡಿತ ಜಾಸ್ತಿ, ಬೋಟಿನ ಹಿಂಭಾಗವನ್ನು ಎತ್ತಿಕೊಡುತ್ತದೆ, ಭಾರ ಹೊತ್ತು ಏಳುವಾಗ ಚೆನ್ನ. ತುದಿಯ ವೇಗ ತುಸು ಕಡಿಮೆ. ಡಾಲ್ಫಿನ್ ತೋರಿಸಲು ಜನ ತುಂಬಿಕೊಂಡು ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ, ಪಿಚ್ ಒಂದು ಇಂಚು ಕಡಿಮೆ ತೆಗೆದುಕೊಳ್ಳಿ ಅಂತಲೂ ಸೇರಿಸುತ್ತೇನೆ.

ಸ್ಟೀಲಿಗೆ ಒಂದು ತೊಂದರೆ ಉಂಟು. ಬಂಡೆಗೆ ತಾಗಿದರೆ ಅಲ್ಯೂಮಿನಿಯಂ ತಾನು ಮುರಿದು ಗೇರನ್ನು ಉಳಿಸುತ್ತದೆ, ಸ್ಟೀಲು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಡುವಿನ ರಬ್ಬರ್ ಬುಷ್ ಜಾರಿ ಪೆಟ್ಟು ತಗ್ಗಿಸುತ್ತದೆ ನಿಜ, ಎಲ್ಲ ಪೆಟ್ಟನ್ನೂ ಅಲ್ಲ. ಅದಕ್ಕೇ ಹಳೆಯ ಅಲ್ಯೂಮಿನಿಯಂ ಪ್ರೊಪೆಲ್ಲರ್, ಪ್ರೊಪೆಲ್ಲರಿನ ನಟ್ಟು ಕಳಚದಂತೆ ಹಿಡಿಯುವ ಒಂದು ಹೊಸ ಕಾಟರ್ ಪಿನ್ನು, ಪಾನಾ ಯಾವಾಗಲೂ ಬೋಟಿನಲ್ಲಿರುತ್ತವೆ. ಹೊಳೆಯಲ್ಲಿ ಹರಿದ ಬಲೆಯ ನೂಲು ಬೇಕಾದಷ್ಟು. ಅದು ಶಾಫ್ಟಿಗೆ ಸುತ್ತಿ ಸೀಲು ಕತ್ತರಿಸಿದರೆ ಗೇರ್ ಆಯಿಲಿಗೆ ನೀರು ಸೇರುತ್ತದೆ. ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೂಲು ತೆಗೆದು, ಶಾಫ್ಟಿಗೆ ಗ್ರೀಸ್ ಹಚ್ಚಿ ಕೂರಿಸುವುದು, ಆಯಿಲ್ ಹಾಲಿನಂತೆ ಬೆಳ್ಳಗಾಗಿದೆಯೇ ಅಂತ ನೋಡುವುದು ನಮ್ಮ ರೂಢಿ. ಮೋಟಾರು ಏರಿಸಿದ ಹೊಸತರಲ್ಲಿ ಹಲಗೆಯ ಬೋಲ್ಟುಗಳನ್ನೂ ಅದೇ ಹೊತ್ತಿಗೆ ಮತ್ತೊಮ್ಮೆ ಬಿಗಿದು, ಸೀಲಂಟು ಬಿರುಕು ಬಿಟ್ಟಿಲ್ಲ ಅಂತ ಒಳಗಿನಿಂದ ಟಾರ್ಚ್ ಹಾಕಿ ನೋಡುತ್ತೇವೆ.